ಕಡಲಿಗೆಂದು ಮಾರಿದವರಿಗೆ ಉಪ್ಪಿನ ನೆಪವೇಕೆ?

ಬುಕ್ಕಸಾಗರದ ಹೆಸರಿನಲ್ಲಿ ಸಾಗರವುಂಟು. ಊರಿನ ಬಳಿ ಹರಿಯುವುದು ಮಾತ್ರ ತುಂಗಭದ್ರೆಯ ಸಿಹಿನೀರು. ಇಲ್ಲಿಯ ಹರಿಗೋಲಿಗೆ ಎಂಜಿನ್ನಿನ ಹಂಗಿಲ್ಲ, ಅಂಬಿಗನ ಹುಟ್ಟೇ ಸಾಕು. ಹೀಗಿರುವಾಗ ಉಪ್ಪುನೀರಿಗೆ ಸವೆದ ಎಂಜಿನ್ನಿನ ತಕರಾರು ನಮಗೇಕೆ ಎಂದು ವಾಚಕರು ಕೇಳಬಹುದು. ಮಂಗಳೂರು, ಗಂಗೊಳ್ಳಿ, ಹೊನ್ನಾವರಗಳಲ್ಲಿ ನೆಂಟರಿರುವ ಕುಟುಂಬಗಳು ನಮ್ಮಲ್ಲಿವೆ. ಅಲ್ಲಿಯ ಮೀನುಗಾರರಲ್ಲಿ ನಮ್ಮ ಸಮುದಾಯದವರೂ ಇದ್ದಾರೆ.

ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯಲು ನಿಷೇಧವಿದೆ. 10 ಅಶ್ವಶಕ್ತಿಯೊಳಗಿನ ಔಟ್‌ಬೋರ್ಡ್ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಆ 61 ದಿನಗಳೇ ಸುಗ್ಗಿ. ಸಾಲ ಮಾಡಿ ತಂದ ಎಂಜಿನ್ ಆಗಲೇ ಕೆಟ್ಟು ನಿಂತಿತೆನ್ನಿ. ವಾರಂಟಿ ಚೀಟಿ ಹಿಡಿದು ಹೋದವನಿಗೆ ಸಿಗುವ ಉತ್ತರ ಒಂದೇ ಸಾಲಿನದು: ಉಪ್ಪುನೀರಿನಿಂದ ಸವೆದಿದೆ, ವಾರಂಟಿ ಅನ್ವಯಿಸದು.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಔಟ್‌ಬೋರ್ಡ್ ಎಂಜಿನ್ ತಂಪಾಗಲು ಅದೇ ನೀರನ್ನು ಹೀರಿಕೊಳ್ಳುತ್ತದೆ. ಅಂದಮೇಲೆ ಉಪ್ಪು ಅದರ ಒಡಲು ಸೇರುವುದು ಮೊದಲ ದಿನವೇ. ಇದು ತಯಾರಕರಿಗೆ ತಿಳಿಯದ ಸಂಗತಿಯಲ್ಲ. ಅದಕ್ಕೆಂದೇ ಅವರು ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ‘ಆನೋಡ್’ ಎಂಬ ತುಂಡನ್ನು ಜೋಡಿಸುತ್ತಾರೆ. ಎಂಜಿನ್ನಿನ ಬದಲು ಅದು ಸವೆಯಬೇಕು. ಅದರ ಮೇಲೆ ಬಣ್ಣ ಬಳಿದರೆ ಅದು ಇದ್ದೂ ಇಲ್ಲದಂತೆ. ದಡಕ್ಕೆ ಬಂದೊಡನೆ ಸಿಹಿನೀರು ಹಾಯಿಸದಿದ್ದರೆ ಒಳನಾಳಗಳಲ್ಲಿ ಉಪ್ಪು ಗಟ್ಟಿಕಟ್ಟಿ ಎಂಜಿನ್ ಕಾಯುತ್ತದೆ. ಇವೆರಡನ್ನೂ ಅಲಕ್ಷಿಸಿದವನ ಪರವಾಗಿ ನಾವು ವಾದಿಸುತ್ತಿಲ್ಲ. (ಈ ಸೂಚನೆಗಳನ್ನು ಮೀನುಗಾರನು ಓದಬಲ್ಲ ಭಾಷೆಯಲ್ಲಿ ಕೊಡುವುದು ಮಾರುವವರ ಹೊಣೆಯೆಂಬುದೂ ನಮ್ಮ ಅಭಿಪ್ರಾಯ.)

ಆದರೆ ನಾಳಗಳು ಸ್ವಚ್ಛವಾಗಿದ್ದು, ಆನೋಡ್ ಸರಿಯಾಗಿದ್ದು, ಗೀರೂ ಬೀಳದ ಬಣ್ಣ ಕೆಲವೇ ತಿಂಗಳಲ್ಲಿ ಉಬ್ಬಿ ಅಡಿಯಲ್ಲಿ ಬಿಳಿ ಪುಡಿ ಕಂಡರೆ? ಆಗ ತಪ್ಪನ್ನು ಹುಡುಕಬೇಕಾದುದು ಕಾರ್ಖಾನೆಯಲ್ಲಿ. ಎಂಜಿನ್ ಬಿಚ್ಚಿ ನೋಡಿದರೆ ಅನುಭವಸ್ಥ ಮೆಕ್ಯಾನಿಕ್ಕನಿಗೆ ಈ ವ್ಯತ್ಯಾಸ ತಿಳಿದೀತು. ಬಿಚ್ಚದೆಯೇ ಉಪ್ಪಿನ ಮೇಲೆ ಹೊರಿಸುವುದು ಪರೀಕ್ಷೆಯಲ್ಲ, ನುಣುಚಿಕೊಳ್ಳುವ ಉಪಾಯ. ಸಮುದ್ರಕ್ಕೆಂದೇ ಮಾರಿದವರು ಸಮುದ್ರವನ್ನೇ ಕಾರಣವಾಗಿ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಅಲಕ್ಷ್ಯ ಎಲ್ಲಿ ನಡೆಯಿತೆಂದು ಬರೆದುಕೊಡಲಿ.

ಬರೆದುಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯುಂಟು. ಅಲ್ಲಿ ಎದುರಾಗುವ ಇನ್ನೊಂದು ಆಕ್ಷೇಪಣೆ, ಮೀನು ಮಾರುವವನು ವ್ಯಾಪಾರಿಯೇ ಹೊರತು ಗ್ರಾಹಕನಲ್ಲ ಎಂಬುದು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡ ವಸ್ತುವಿಗೆ ಈ ಆಕ್ಷೇಪಣೆ ಸಲ್ಲದು. ಹಳೆಯ ಕಾಯಿದೆಯಡಿ 1995ರಲ್ಲೇ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಯಂತ್ರವನ್ನು ತಾನೇ ನಡೆಸಿ ಬದುಕುವವನು ಒಬ್ಬಿಬ್ಬರ ನೆರವು ಪಡೆದರೂ ಗ್ರಾಹಕನೇ ಎಂದು ಸ್ಪಷ್ಟಪಡಿಸಿತು. ಹತ್ತಾರು ಆಳುಗಳಿಂದ ಹಲವು ದೋಣಿ ನಡೆಸುವ ಧಣಿಯ ಮಾತು ಬೇರೆ.

ಲ್ಯಾಬೊರೇಟರಿಯ ಪರೀಕ್ಷೆಯಿಂದಲೇ ತಿಳಿಯಬೇಕಾದ ದೋಷವಾದರೆ ಜಿಲ್ಲಾ ಆಯೋಗವು ವಸ್ತುವನ್ನು ಅಲ್ಲಿಗೆ ಕಳುಹಿಸಬಲ್ಲದು. ಆದ್ದರಿಂದ ಕೆಟ್ಟ ಬಿಡಿಭಾಗವನ್ನು ಗುಜರಿಗೆ ಹಾಕಬೇಡಿ. ರಸೀದಿ, ಸರ್ವಿಸ್ ಚೀಟಿ, ಆನೋಡ್ ಬದಲಿಸಿದ ದಿನಾಂಕ ಬರೆದ ಪುಸ್ತಕ ಮನೆಯಲ್ಲಿರಲಿ, ಮಕ್ಕಳಿಂದಲಾದರೂ ಬರೆಯಿಸಿ. ದೂರಿಗೆ ಎರಡು ವರ್ಷಗಳ ಗಡುವಿದೆ. ತಾನು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ನದಿದಡದಲ್ಲಿ ಪಂಪ್‌ಸೆಟ್ ಇಳಿಸಿದ ಬುಕ್ಕಸಾಗರದ ರೈತನಿಗೂ ಇದೇ ಕಾನೂನು.