ಅರಿಷಿಣದ ದಿನದಿಂದ ಹಿಂದಕ್ಕೆ ಎಣಿಸಿ

ಹತ್ತಿ, ಮೆಣಸಿನಕಾಯಿಯ ರೊಕ್ಕ ಕೈಗೆ ಬಂದ ಮೇಲೆ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಯಲ್ಲಿ ಮದುವೆಗಳ ಸಾಲು ಹತ್ತುತ್ತದೆ. ಮದುಮಗಳ ಮುಖದ ಆರೈಕೆಯೂ ಈಗ ಮದುವೆ ಖರ್ಚಿನ ಒಂದು ಬಾಬು. ಬ್ಲೀಚ್, ಫೇಶಿಯಲ್ ಊರಿನ ಪಾರ್ಲರಿನಲ್ಲೇ ಮುಗಿಯುತ್ತವೆ. ಮೊಡವೆ ಕಲೆಗೆ ಕೆಮಿಕಲ್ ಪೀಲ್, ಬಂಗಿಗೆ ಲೇಸರ್ ಬೇಕೆಂದವರು ಹುಬ್ಬಳ್ಳಿ ಬಸ್ ಹತ್ತುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಚಂದ ಕಾಣುವ ಆಸೆಗೆ ಹಳ್ಳಿ, ಪಟ್ಟಣ ಎಂಬ ಭೇದ ಯಾಕೆ? ತಕರಾರು ಇರುವುದು ದಿನದ ಲೆಕ್ಕದ ಬಗ್ಗೆ. ಚಿಕಿತ್ಸೆಯ ದಿನವನ್ನು ಅಕ್ಕಿಕಾಳಿನ ದಿನ ನೋಡಿ ಗೊತ್ತು ಮಾಡುವುದು ಸಹಜ. ಆದರೆ ಅದಕ್ಕೂ ಮುಂಚೆ ಅರಿಷಿಣ ಹಚ್ಚುವ ಶಾಸ್ತ್ರ ಬರುತ್ತದೆ, ಮನೆತುಂಬ ಬೀಗರ ಕೈಗಳು ಎಣ್ಣೆ ಅರಿಷಿಣ ಹಿಡಿದು ಅದೇ ಮುಖವನ್ನು ತಿಕ್ಕುತ್ತವೆ. ಅದರ ಹಿಂದಿನ ದಿನ ‘ಗ್ಲೋ ಬರಲಿ’ ಎಂದು ಪಾರ್ಲರಿನ ಮಸಾಜ್ ಬೇರೆ. ಪೀಲ್ ಆಗಿ ವಾರವೂ ಕಳೆಯದ ಮುಖ ಇದನ್ನೆಲ್ಲ ತಾಳುವುದಿಲ್ಲ.

ಪೀಲ್ ಎಂದರೆ ಆಮ್ಲದಿಂದ ಚರ್ಮದ ಮೇಲ್ಪದರವನ್ನು ಬೇಕೆಂದೇ ಸುಡುವುದು. ಹೊಸ ಪದರ ಒಳಗಿಂದ ಬೆಳೆದು ಹಳೆಯದು ತಾನಾಗಿ ಉದುರಬೇಕು. ಹಗುರ ಪೀಲಿಗೂ ಇದಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆ. ಬಂಗಿನ ಲೇಸರ್ ಆದ ಮೇಲೆ ಹಕ್ಕಳೆ ಕಟ್ಟಿದರೆ ಅದೂ ತಾನೇ ಬೀಳಬೇಕು. ಉದುರುವ ಮೊದಲೇ ತಿಕ್ಕಿ ಕಿತ್ತರೆ ಕೆಳಗಿನ ಹಸಿ ಚರ್ಮ ಬಯಲಾಗುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಕೆರಳಿದ ಚರ್ಮ ಹೆಚ್ಚು ಬಣ್ಣ ಉತ್ಪತ್ತಿ ಮಾಡುತ್ತದೆ, ಗಾಯ ಮಾಗಿದ ಜಾಗದಲ್ಲಿ ಕಪ್ಪು ಕಲೆ ನಿಲ್ಲುತ್ತದೆ. ಅದು ಮಾಸಲು ತಿಂಗಳುಗಟ್ಟಲೆ ಬೇಕು, ಎರೆಹೊಲದ ಬಿಸಿಲಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು. ಕಲೆ ತೆಗೆಸಲು ಹೋಗಿ ಕಲೆ ಹೊತ್ತು ಬರುವ ದಾರಿ ಇದೇ. ಕುಂದಗೋಳ, ನವಲಗುಂದ ಕಡೆಗೆ ಇನ್ನೊಂದು ಮಾತೂ ಉಂಟು: ಬ್ಯಾಡಗಿ ಮೆಣಸಿನಕಾಯಿಯ ತುಂಬು ತೆಗೆದ ಕೈ. ಅದರ ಖಾರ ಬರೀ ನೀರಿಗೆ ಬಿಡುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅಂಥ ಕೈಯಲ್ಲಿ ಎಣ್ಣೆ ಅರಿಷಿಣ ಕಲಸಿ ಪೀಲ್ ಆದ ಕೆನ್ನೆಗೆ ಹಚ್ಚಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಎಷ್ಟು ದಿನ ಬಿಡಬೇಕು? ಎಲ್ಲದಕ್ಕೂ ಒಂದೇ ಅಳತೆಯಿಲ್ಲ. ವ್ಯಾಕ್ಸಿಂಗ್, ಥ್ರೆಡಿಂಗ್, ಬ್ಲೀಚ್ ಆದರೆ ಒಂದೆರಡು ದಿನ ಸಾಕು. ಸೂಜಿಯಿಂದ ಚುಚ್ಚುವ ಮೈಕ್ರೋನೀಡ್ಲಿಂಗ್ ಆದರೆ ಒಂದು ವಾರ ಬಿಡುವುದು ಕ್ಷೇಮ. ಹಗುರ ಪೀಲ್, ಲೇಸರ್ ಆದರೆ ಹೊಪ್ಪಳಿಕೆ, ಕೆಂಪು ಪೂರ್ತಿ ಹೋಗುವವರೆಗೆ, ಅಂದರೆ ಒಂದರಿಂದ ಎರಡು ವಾರ. ಆಳದ ಪೀಲಾದರೆ ಇನ್ನೂ ಹೆಚ್ಚು. ನೆರಿಗೆಗೆ ಕೊಡುವ ಬೋಟಾಕ್ಸ್ ಇಂಜೆಕ್ಷನ್ ಆದ ದಿನ ಆ ಜಾಗವನ್ನು ಉಜ್ಜಲೇಬಾರದು. ಔಷಧ ಪಕ್ಕದ ಸ್ನಾಯುವಿಗೆ ಸರಿದರೆ ರೆಪ್ಪೆ ಜೋತುಬೀಳುವ ಅಪಾಯವಿದೆ. ಕೆನ್ನೆ, ತುಟಿ ತುಂಬಿಸುವ ಫಿಲ್ಲರ್ ಆದರೆ ಎರಡು ವಾರ ಮಸಾಜ್ ಬೇಡ. ಫಿಲ್ಲರ್ ಆದ ಮೇಲೆ ವಿಪರೀತ ನೋವು ಬಂದು ಚರ್ಮ ಬಿಳಿಚಿಕೊಂಡರೆ, ನೀಲಿಗಟ್ಟಿದರೆ, ರಕ್ತನಾಳ ಕಟ್ಟಿಕೊಂಡಿರಬಹುದು. ಆಗ ಮನೆಯಲ್ಲಿ ಎಣ್ಣೆ ನೀವುತ್ತ ಕೂಡದೆ ಅದೇ ತಾಸಿಗೆ ವೈದ್ಯರ ಹತ್ತಿರ ಓಡಬೇಕು.

‘ಕೆಲವು ಡಾಕ್ಟರೇ ಮಸಾಜ್ ಮಾಡಿಕೊಳ್ಳಿ ಅನ್ನುತ್ತಾರಲ್ಲ’ ಎಂಬ ಆಕ್ಷೇಪ ಬರಬಹುದು. ನಿಜ. ಒಂದು ಬಗೆಯ ಫಿಲ್ಲರಿಗೆ ದಿನಕ್ಕೆ ಐದು ಸಲ, ಐದು ನಿಮಿಷದಂತೆ ಐದು ದಿನ ನೀವಿಕೊಳ್ಳಿ ಎಂದೇ ಹೇಳುವುದುಂಟು. ಅದು ಆ ಔಷಧಕ್ಕೆ, ಆ ಜಾಗಕ್ಕೆ ಬರೆದ ಚೀಟಿ. ಪೀಲ್ ಮಾಡಿಸಿಕೊಂಡವರು ಅದನ್ನು ಎರವಲು ತರುವಂತಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಅರಿಷಿಣವೇ ಔಷಧ, ಅಜ್ಜಿ ಕಾಲದಿಂದ ಹಚ್ಚಿಕೊಂಡು ಬಂದಿದ್ದೇವೆ, ಯಾರಿಗೆ ಏನಾಯಿತು? ಅಜ್ಜಿಯ ಮಾತು ಸುಳ್ಳಲ್ಲ. ಆದರೆ ಅಜ್ಜಿ ಅರಿಷಿಣ ಹಚ್ಚಿದ್ದು ಗಟ್ಟಿ ಚರ್ಮಕ್ಕೆ, ಆಮ್ಲ ತಿಂದ ಚರ್ಮಕ್ಕಲ್ಲ. ಅರಿಷಿಣದ ಗುಣ ಏನೇ ಇರಲಿ, ತರಿತರಿ ಪುಡಿ ಹಸಿ ಚರ್ಮವನ್ನು ಗೀರುವುದು ತಪ್ಪುವುದಿಲ್ಲ. ಶಾಸ್ತ್ರವನ್ನು ಬಿಡಬೇಕೆಂದೂ ಇಲ್ಲ: ಕೈಗೆ, ಕಾಲಿಗೆ, ಭುಜಕ್ಕೆ ಧಾರಾಳವಾಗಿ ಹಚ್ಚಿ ಕೆನ್ನೆಗೆ ಬೊಟ್ಟಿನಷ್ಟು ಮುಟ್ಟಿಸಿದರೆ ಯಾವ ಮುತ್ತೈದೆಯೂ ಮುನಿಯಲಾರಳು.

ಇನ್ನು ಬೆಳ್ಳಗಾಗುವ ಕ್ರೀಮು. ಸ್ಟೀರಾಯ್ಡ್ ಬೆರೆತ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಬಿಗಿಮಾಡಿದೆ. ಆದರೂ ‘ಇದನ್ನ ಹಚ್ಚವಾ, ಹೊಳಪು ಬರತೈತಿ’ ಎಂಬ ಸಲಹೆಗೆ ಬರವಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರಗಳು ಎದ್ದು ಕಾಣುತ್ತವೆ. ಅಂಥ ಮುಖಕ್ಕೆ ಪೀಲೂ ಬೇಡ, ಮಸಾಜೂ ಬೇಡ; ಮೊದಲು ಚರ್ಮವೈದ್ಯರು ನೋಡಬೇಕು. ಕಿಮ್ಸ್ ಎಂದು ಜನ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ.

ಪಾರ್ಲರ್ ನಡೆಸುವ ಹೆಣ್ಣುಮಕ್ಕಳ ಮೇಲೆ ಎಲ್ಲ ತಪ್ಪು ಹೊರಿಸುವುದು ಸುಲಭ, ನ್ಯಾಯವಲ್ಲ. ಬಾಗಿಲಿಗೆ ಬಂದ ಗಿರಾಕಿಯನ್ನು ಮದುವೆ ಸೀಜನ್ನಿನಲ್ಲಿ ವಾಪಸ್ ಕಳಿಸಿದರೆ ಅವರ ಬಾಡಿಗೆ ಯಾರು ಕಟ್ಟುತ್ತಾರೆ? ಆದರೆ ‘ಹದಿನೈದು ದಿನದಾಗ ಮುಖಕ್ಕ ಏನರ ಮಾಡಿಸಿರೇನ?’ ಎಂದು ಕೇಳಲು ಖರ್ಚಿಲ್ಲ. ಹೌದೆಂದರೆ ಮುಖ ಬಿಟ್ಟು ಕೈಕಾಲಿನ ಕೆಲಸ ಮಾಡಿಕೊಡಬಹುದು, ದುಡಿಮೆಯೂ ಉಳಿಯುತ್ತದೆ. ಹುಬ್ಬಳ್ಳಿಯ ಕ್ಲಿನಿಕ್‌ಗಳ ಹೊಣೆ ಇದಕ್ಕಿಂತ ದೊಡ್ಡದು: ಏನು ಮಾಡಿದೆವು, ಯಾವ ತಾರೀಖಿನವರೆಗೆ ಮುಖ ತಿಕ್ಕಬಾರದು ಎಂದು ಕನ್ನಡದಲ್ಲಿ ಬರೆದು ಕೈಗೆ ಕೊಡಬೇಕು. ಮದುವೆ ಗೊತ್ತಾದ ಮನೆಯವರೇ, ಚಿಕಿತ್ಸೆಗೆ ದಿನ ಕೇಳುವಾಗ ಲಗ್ನಪತ್ರಿಕೆಯ ತಾರೀಖು ಹೇಳಬೇಡಿ, ಅರಿಷಿಣದ ತಾರೀಖು ಹೇಳಿ. ನಡುವೆ ಮೂರು ವಾರ ಸಿಗದಿದ್ದರೆ ಪೀಲ್ ಮದುವೆ ಆದ ಮೇಲೆ ಮಾಡಿಸಿ.