ಒಂದೇ ಅಂಕಿ ನೋಡಿ ತೀರ್ಪು ಬೇಡ



ಪಿಟ್ಯುಟರಿ ಗ್ರಂಥಿಯ ಬಗ್ಗೆ ನೀವು ಪಾಠದಲ್ಲಿ ಓದಿದ್ದೀರಿ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟೇ ಇರುವ, ಸುಮಾರು ಅರ್ಧ ಗ್ರಾಂ ತೂಗುವ ಗ್ರಂಥಿ ಅದು. ಅದರ ಬೆಳವಣಿಗೆಯ ಹಾರ್ಮೋನು ಕಡಿಮೆಯಾದರೆ ಕುಬ್ಜತೆ ಎಂದು ಉತ್ತರ ಬರೆದು ಅಂಕ ಪಡೆಯುತ್ತೀರಿ. ಅದೇ ತೊಂದರೆ ಇರುವ ಮಗು ನಿಮ್ಮ ಬೆಂಚಿನಲ್ಲೇ ಕೂತಿದ್ದರೆ? "ಏ ಗಿಡ್ಡ" ಅಂತ ಕರೆಯುವವರೇ ಹೆಚ್ಚು, ಅಲ್ವಾ?

"ರಕ್ತ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗ್ತದಲ್ಲ ಮಾಷ್ಟ್ರೇ" ಎಂದು ನೀವು ಕೇಳಬಹುದು. ಅಷ್ಟು ಸುಲಭ ಇಲ್ಲ. ಈ ಹಾರ್ಮೋನು ಬಿಟ್ಟು ಬಿಟ್ಟು ಸ್ರವಿಸುತ್ತದೆ, ಹೆಚ್ಚಾಗಿ ರಾತ್ರಿಯ ಗಾಢ ನಿದ್ದೆಯಲ್ಲಿ. ಹಗಲಲ್ಲಿ ರಕ್ತ ತೆಗೆದರೆ ಆರೋಗ್ಯವಂತ ಮಗುವಿನಲ್ಲೂ ಅದು ಸೊನ್ನೆಯ ಹತ್ತಿರ ಇರಬಹುದು. ಅದಕ್ಕೇ ವೈದ್ಯರು ದಿನವಿಡೀ ಹೆಚ್ಚು ಏರಿಳಿಯದ ಐಜಿಎಫ್-1 ಅನ್ನು ಅಳೆಯುತ್ತಾರೆ. ಬೇಕಾದರೆ ಔಷಧಿ ಕೊಟ್ಟು ಗ್ರಂಥಿಯನ್ನು ಪ್ರಚೋದಿಸಿ, ಎರಡು ಗಂಟೆಯೋ ಹೆಚ್ಚೋ ಕೂರಿಸಿ ಹಲವು ಸಲ ರಕ್ತ ತೆಗೆಯುತ್ತಾರೆ.

ಪಿಟ್ಯುಟರಿಯ ಆಜ್ಞೆಯಂತೆ ಅಡ್ರೀನಲ್ ಗ್ರಂಥಿ ಸ್ರವಿಸುವ ಕಾರ್ಟಿಸಾಲ್ ಬೆಳಗ್ಗೆ 8ರ ಸುಮಾರಿಗೆ ಹೆಚ್ಚು, ನಡುರಾತ್ರಿ ತೀರಾ ಕಡಿಮೆ. ಬಸ್ಸು ಹಿಡಿದು ಮಂಗಳೂರಿಗೆ ಮುಟ್ಟುವಾಗ ಮಧ್ಯಾಹ್ನವಾದರೆ ಆ ಅಂಕಿಯ ಅರ್ಥವೇ ಬೇರೆ. ಥೈರಾಯ್ಡಿನ ಕಥೆಯೂ ಹೀಗೇ. ಪಿಟ್ಯುಟರಿ ಸೋತಾಗ ಟಿಎಸ್‌ಎಚ್ ಒಂದನ್ನೇ ನೋಡಿದರೆ ನಾರ್ಮಲ್ ಎಂದು ಕಾಣಬಹುದು. ಜೊತೆಗೆ ಟಿ4 ನೋಡಿದಾಗಲೇ ಕೊರತೆ ತಿಳಿಯುತ್ತದೆ. ಮನೆಯವರನ್ನು ಲ್ಯಾಬಿಗೆ ಕರೆದೊಯ್ಯುವವರು ನೀವಾದರೆ "ಎಷ್ಟು ಗಂಟೆಗೆ ಬರಬೇಕು, ಖಾಲಿ ಹೊಟ್ಟೆಯಲ್ಲಾ?" ಎಂದು ಮೊದಲೇ ಕೇಳಿಕೊಳ್ಳಿ.

ನನ್ನ ಅಭಿಪ್ರಾಯ ಇಷ್ಟು: ಮೊದಲ ಪರೀಕ್ಷೆ ಶಾಲೆಯಲ್ಲೇ ಆಗಬೇಕು. ಅದಕ್ಕೆ ಸೂಜಿ ಬೇಡ, ಗೋಡೆಗೆ ಅಂಟಿಸಿದ ಅಳತೆ ಪಟ್ಟಿ ಸಾಕು. ಆರು ತಿಂಗಳಿಗೊಮ್ಮೆ ಎಲ್ಲರ ಎತ್ತರ ಬರೆದಿಡಿ. ನಾಲ್ಕನೇ ವಯಸ್ಸಿನಿಂದ ಹದಿಹರೆಯ ಶುರುವಾಗುವ ತನಕ ಮಕ್ಕಳು ವರ್ಷಕ್ಕೆ ಸುಮಾರು 5–6 ಸೆ.ಮೀ. ಬೆಳೆಯುತ್ತಾರೆ. 4 ಸೆ.ಮೀ. ಕೂಡ ಬೆಳೆಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಗಿಡ್ಡ ಇರುವವರಿಗೆಲ್ಲ ರೋಗ ಉಂಟು ಅಂತ ಅಲ್ಲ. ಅಪ್ಪ ಅಮ್ಮನೂ ಗಿಡ್ಡ ಇರಬಹುದು, ಕೆಲವರು ತಡವಾಗಿ ಬೆಳೆಯುತ್ತಾರೆ.

ಕೊರತೆ ಇದ್ದರೆ ಮದ್ದುಂಟು. ಜೀನ್ ತಂತ್ರಜ್ಞಾನದಿಂದ ತಯಾರಿಸಿದ ಹಾರ್ಮೋನು 1985ರಿಂದ ಬಳಕೆಯಲ್ಲಿದೆ. ಸಾಮಾನ್ಯವಾಗಿ ದಿನಾ ರಾತ್ರಿ ಒಂದು ಚುಚ್ಚುಮದ್ದು. ಆದರೆ ಎಲುಬಿನ ತುದಿಯ ಬೆಳವಣಿಗೆಯ ಫಲಕ ಮುಚ್ಚಿದ ಮೇಲೆ ಅದರಿಂದ ಎತ್ತರ ಹೆಚ್ಚದು. ಗೇಲಿಗೆ ಹೆದರಿದ ಮಗು ಅಳತೆ ಪಟ್ಟಿಯ ಹತ್ತಿರವೇ ಬರುವುದಿಲ್ಲ, ವರ್ಷಗಳು ಜಾರಿಹೋಗುತ್ತವೆ. ಹಾಗಾಗಿ ಗೇಲಿ ಮಾಡ್ಬೇಡಿ. ಅಳೆಯುವ ದಿನ ನೀವೇ ಅವನನ್ನು ಜೊತೆಗೆ ಕರಕೊಂಡು ಬನ್ನಿ.