ಹೊಟ್ಟೆನೋವು ಎಂದ ಹುಡುಗ

‘ಗಂಡುಹುಡುಗರದ್ದೇನು ಬಿಡಿ, ಬೀಳ್ತಾವೆ, ಏಳ್ತಾವೆ.’ ಮಕ್ಕಳ ಆರೋಗ್ಯದ ಮಾತು ಬಂದಲ್ಲೆಲ್ಲ ಯಾರಾದರೊಬ್ಬರು ಹೀಗೆ ಹೇಳಿ ಕೈತೊಳೆದುಕೊಳ್ಳುತ್ತಾರೆ. ಮೊಣಕಾಲು ತರಚಿದ್ದಕ್ಕೆ ಈ ಮಾತು ಸಾಕು. ಚಡ್ಡಿಯೊಳಗಿನ ನೋವಿಗೆ ಇದು ಅಪಾಯದ ಉಡಾಫೆ. ಅಲ್ಲಿ ಎಷ್ಟೋ ಸಲ ಪೆಟ್ಟಿಗಿಂತ ಹೆಚ್ಚು ಹಾಳು ಮಾಡುವುದು ನಾಚಿಕೆ.

ಪೆಟ್ಟಿನ ಕಾರಣಗಳಲ್ಲಿ ಗುಟ್ಟೇನಿಲ್ಲ. ಗಾರ್ಡ್ ಹಾಕದೆ ಆಡುವಾಗ ಬಡಿದ ಕ್ರಿಕೆಟ್ ಚೆಂಡು, ಪೆಡಲ್ ಜಾರಿ ಕುಕ್ಕರಿಸಿದ ಸೈಕಲ್ಲಿನ ಅಡ್ಡಕಂಬಿ, ಅವಸರದಲ್ಲಿ ಎಳೆದ ಜಿಪ್ಪು, ನಿಂತು ಉಚ್ಚೆ ಹೊಯ್ಯಲು ಆಗಷ್ಟೇ ಕಲಿಯುತ್ತಿರುವ ಪುಟ್ಟನ ಮೇಲೆ ದಪ್ಪನೆ ಬೀಳುವ ಕಮೋಡಿನ ಸೀಟು. ಚಿಕಿತ್ಸೆಯೂ ಬಹುಪಾಲು ಸರಳ: ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಆಸರೆ ಕೊಡುವ ಒಳಚಡ್ಡಿ, ವಿಶ್ರಾಂತಿ, ನೋವಿನ ಔಷಧಿ. ಜಿಪ್ಪಿಗೆ ಸಿಕ್ಕ ಚರ್ಮವನ್ನು ಗಾಬರಿಯಲ್ಲಿ ಎಳೆದಾಡಿ ಗಾಯ ದೊಡ್ಡದು ಮಾಡುವವರು ನಾವೇ. ವೈದ್ಯರು ಜಾಗ ಮರಗಟ್ಟಿಸಿ, ಜಿಪ್ಪಿನ ಓಡಾಡುವ ತುಂಡಿನ ಎರಡು ತಗಡುಗಳನ್ನು ಹಿಡಿದಿರುವ ಸಣ್ಣ ಪಟ್ಟಿಯನ್ನು ಕತ್ತರಿಸಿದರೆ ಹಲ್ಲುಗಳು ಬಿಟ್ಟುಕೊಳ್ಳುತ್ತವೆ. ಶುಚಿಯ ಹೆಸರಿನಲ್ಲಿ ಕೂಸಿನ ಮುಂದೊಗಲನ್ನು ಬಲವಂತವಾಗಿ ಹಿಂದಕ್ಕೆಳೆಯುವುದೂ ಹಿರಿಯರೇ ಮಾಡುವ ಗಾಯ. ಆ ವಯಸ್ಸಿನಲ್ಲಿ ಅದು ಅಂಟಿಕೊಂಡಿರುವುದೇ ಸಹಜ.

ಇವುಗಳಲ್ಲಿ ಬಹಳಷ್ಟು ವಾಸಿಯಾಗುತ್ತವೆ. ನಮಗಾಗಿ ಕಾಯದ ನೋವು ಒಂದಿದೆ, ವೃಷಣ ತಿರುಚಿಕೊಳ್ಳುವುದು. ಅದಕ್ಕೆ ರಕ್ತ ಒಯ್ಯುವ ನಾಳಗಳೇ ಹೊಸೆದುಕೊಂಡು ಹರಿವು ನಿಲ್ಲುತ್ತದೆ. 12ರಿಂದ 18 ವರ್ಷದವರಲ್ಲಿ ಹೆಚ್ಚು. ಆಟದ ಪೆಟ್ಟಿನ ಬೆನ್ನಿಗೂ ಆಗಬಹುದು, ಮಲಗಿದ್ದಾಗಲೂ ಆಗಬಹುದು. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಬಹುತೇಕ ಉಳಿಯುತ್ತದೆ; 24 ಗಂಟೆ ದಾಟಿದರೆ ಉಳಿಯುವುದು ಅಪರೂಪ. ಆ ಗಂಟೆಗಳು ಹೇಗೆ ಕಳೆದುಹೋಗುತ್ತವೆ ನೋಡಿ. ಬೆಳಗಿನ ಜಾವ ಹುಡುಗ ವಾಂತಿ ಮಾಡುತ್ತಾನೆ. ಅಮ್ಮ ಕೇಳಿದರೆ ‘ಹೊಟ್ಟೆನೋವು’ ಅನ್ನುತ್ತಾನೆ. ಪೂರಾ ಸುಳ್ಳೂ ಅಲ್ಲ, ನೋವು ಕಿಬ್ಬೊಟ್ಟೆಗೂ ಹತ್ತಿರುತ್ತದೆ. ಅಜ್ಜಿ ಓಮದ ಕಷಾಯ ಕುಡಿಸುತ್ತಾಳೆ, ಅಪ್ಪ ಮೆಡಿಕಲ್ ಶಾಪಿನಿಂದ ಗ್ಯಾಸಿನ ಮಾತ್ರೆ ತರುತ್ತಾನೆ. ವೈದ್ಯರೂ ಚಡ್ಡಿ ಜಾರಿಸಿ ನೋಡದೆ ಹೊಟ್ಟೆಯಷ್ಟೇ ಒತ್ತಿ ಕಳಿಸಿದರೆ ಹೊತ್ತು ಮೀರುತ್ತದೆ.

ಪ್ರತಿ ಪೆಟ್ಟಿಗೂ ಆಸ್ಪತ್ರೆಗೆ ಓಡಲಾಗುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಳ್ಳಿಯವರಿಗೆ ಶಸ್ತ್ರಚಿಕಿತ್ಸಕರಿರುವ ಊರು ಮುಟ್ಟುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಅದಕ್ಕೇ ಗೆರೆ ಸ್ಪಷ್ಟವಿರಬೇಕು. ಪೆಟ್ಟಿಲ್ಲದೆ ಏಕಾಏಕಿ ಬಂದ ಜೋರುನೋವು, ಪೆಟ್ಟಾಗಿ ಗಂಟೆಯಾದರೂ ಇಳಿಯದ ನೋವು, ಊತ, ವಾಂತಿ, ನಿಲ್ಲದ ರಕ್ತ, ಉಚ್ಚೆಯಲ್ಲಿ ರಕ್ತ, ಉಚ್ಚೆ ಕಟ್ಟುವುದು: ಇದರಲ್ಲಿ ಒಂದು ಕಂಡರೂ ತಕ್ಷಣ ಹೊರಡಬೇಕು. ಇಂಥದ್ದನ್ನೆಲ್ಲ ಮಾತಾಡಿದರೆ ಮಕ್ಕಳು ಕೆಡುತ್ತಾರೆ ಅನ್ನುವವರ ಜೊತೆ ವಾದಕ್ಕೆ ಕೂರಲು ಆ ಆರು ಗಂಟೆಗಳಲ್ಲಿ ಪುರುಸೊತ್ತಿಲ್ಲ.

ಶಾಲೆಗಳಲ್ಲಿ ಈಗ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಹೇಳಿಕೊಡುತ್ತಾರೆ. ಬಿದ್ದು ಆದ ನೋವನ್ನೇ ಹೇಳಲಾರದ ಹುಡುಗ ಯಾರೋ ಕೊಟ್ಟ ನೋವನ್ನು ಹೇಳಿಯಾನೆ? ಆ ಪಾಠಕ್ಕೆ ಒಂದು ಮಾತು ಸೇರಲಿ: ಅಲ್ಲಿ ನೋವಾದರೆ, ನಡುರಾತ್ರಿಯಾದರೂ ಎಬ್ಬಿಸಿ ಹೇಳು. ಅದನ್ನು ಮೇಷ್ಟ್ರಿಗಿಂತ ಮೊದಲು ಅಪ್ಪ ಹೇಳಬೇಕು.